ಮರುಭೂಮಿಯ ಕಣಿವೆಯಲ್ಲಿ ರಾತ್ರಿ ತಂಗಲು: ಯಾವ ಪರ್ಮಿಟ್, ಯಾವ ಹಾದಿ, ಎಷ್ಟು ನೀರು

ಅಮೆರಿಕದ ಅರಿಜೋನಾ ಮತ್ತು ಯೂಟಾ ರಾಜ್ಯಗಳ ಕೆಂಪು ಕಣಿವೆಗಳಿಗೆ ಬೆನ್ನುಚೀಲ ಹೊತ್ತು ಇಳಿದು ಒಂದೆರಡು ರಾತ್ರಿ ಡೇರೆ ಹಾಕಿಕೊಂಡು ಇರಬೇಕೆಂಬ ಆಸೆ ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ಇರುತ್ತದೆ. ಆಸೆ ಹುಟ್ಟಿದ ಕೂಡಲೇ ಎಲ್ಲರೂ ವಿಚಾರಿಸುವುದು ಯಾವ ಜಾಗದ ಪರ್ಮಿಟ್ ಸುಲಭವಾಗಿ ಸಿಗುತ್ತದೆ ಎಂಬುದನ್ನು. ಅದು ಮುಖ್ಯವಾದ ಪ್ರಶ್ನೆಯೇ ಹೌದು, ಆದರೆ ಮೊದಲನೆಯದಲ್ಲ. ರಾತ್ರಿ ತಂಗುವ ಜಾಗದಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕಣಿವೆಯಿಂದ ಹೊರಬರುವ ದಾರಿ ಎಷ್ಟು ಕಡಿದಾಗಿದೆ ಎಂಬ ಎರಡು ಸಂಗತಿಗಳು ತೀರ್ಮಾನವಾದ ಮೇಲಷ್ಟೇ ಪರ್ಮಿಟ್‌ನ ವಿಚಾರಕ್ಕೆ ಕೈಹಾಕುವುದು ಒಳ್ಳೆಯದು. ಈ ದೃಷ್ಟಿಯಿಂದ ನಾಲ್ಕು ಆಯ್ಕೆಗಳನ್ನು ಇಲ್ಲಿ ಹೋಲಿಸಲಾಗಿದೆ: ಗ್ರ್ಯಾಂಡ್ ಕ್ಯಾನ್ಯನ್‌ನ ಮುಖ್ಯ ಹಾದಿಗಳು, ಅದೇ ಉದ್ಯಾನದ ಹರ್ಮಿಟ್ ಹಾದಿ, ಪರಿಯಾ ಕ್ಯಾನ್ಯನ್, ಮತ್ತು ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನದ ನೀಡಲ್ಸ್ ಪ್ರದೇಶ.

ಹವಾಸು ಜಲಪಾತದ ಚಿತ್ರ ನೋಡಿ ಆಸೆಪಟ್ಟವರಿಗೆ ಒಂದು ಮಾತು. ಆ ಜಾಗ ರಾಷ್ಟ್ರೀಯ ಉದ್ಯಾನದೊಳಗಿಲ್ಲ. ಅದು ಹವಾಸುಪೈ ಬುಡಕಟ್ಟಿನವರ ಸ್ವಂತ ನೆಲ, ಬುಕಿಂಗ್ ನಡೆಸುವವರೂ ಅವರೇ. ಬೆಳಿಗ್ಗೆ ಹೋಗಿ ಸಂಜೆ ಬರಲು ಅಲ್ಲಿ ಅವಕಾಶವಿಲ್ಲ, ಮೂರು ರಾತ್ರಿಗಳ ಬುಕಿಂಗ್ ಅನ್ನೇ ಮಾಡಬೇಕು, ತಲೆಗೆ ನಾನೂರು ಡಾಲರ್‌ಗೂ ಹೆಚ್ಚು ತಗಲುತ್ತದೆ, ಮದ್ಯಕ್ಕೆ ಸಂಪೂರ್ಣ ನಿಷೇಧವಿದೆ. ಅಲ್ಲಿಯ ನೀಲಿ ನೀರಿನ ಮಡುಗಳು ಅದ್ಭುತವೇ ಸರಿ, ಆದರೆ ಅಲ್ಲಿಗೆ ಹೋಗುವವರು ಏಕಾಂತವನ್ನು ಹುಡುಕಿಕೊಂಡು ಹೋಗಬಾರದು.

ಗ್ರ್ಯಾಂಡ್ ಕ್ಯಾನ್ಯನ್: ಮುಖ್ಯ ಹಾದಿಗಳು

ಗ್ರ್ಯಾಂಡ್ ಕ್ಯಾನ್ಯನ್ ಉದ್ಯಾನದವರು ಕಣಿವೆಯ ಒಳಭಾಗವನ್ನು ಕಷ್ಟದ ಮಟ್ಟಕ್ಕೆ ತಕ್ಕಂತೆ ಕಾರಿಡಾರ್, ಥ್ರೆಶೋಲ್ಡ್, ಪ್ರಿಮಿಟಿವ್ ಮತ್ತು ವೈಲ್ಡ್ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿದ್ದಾರೆ. ಬ್ರೈಟ್ ಏಂಜೆಲ್, ಸೌತ್ ಕೈಬಾಬ್ ಮತ್ತು ನಾರ್ತ್ ಕೈಬಾಬ್ ಹಾದಿಗಳು ಸೇರಿದ್ದು ಕಾರಿಡಾರ್ ವಲಯ. ಇಲ್ಲಿ ಹಾದಿ ಅಗಲವಾಗಿದೆ, ಅರಣ್ಯ ರಕ್ಷಕರು ಓಡಾಡುತ್ತಾರೆ, ಶೌಚಾಲಯಗಳಿವೆ, ಆಹಾರವನ್ನು ಅಳಿಲು ಇಲಿಗಳಿಂದ ಕಾಪಾಡಲು ಲೋಹದ ಪೆಟ್ಟಿಗೆಗಳಿವೆ. ದಕ್ಷಿಣದ ಅಂಚಿನಿಂದ ಇಳಿಯುವವರಿಗೆ ಎರಡು ಕ್ಯಾಂಪ್‌ಗ್ರೌಂಡ್‌ಗಳು ಮುಖ್ಯ. ಮೊದಲನೆಯದು ಅರ್ಧ ದಾರಿಯಲ್ಲಿರುವ ಹವಾಸುಪೈ ಗಾರ್ಡನ್ಸ್. ಇದರ ಹೆಸರು 2022ರಲ್ಲಿ ಬದಲಾದ ಕಾರಣ ಹಳೆಯ ನಕ್ಷೆಗಳಲ್ಲಿ ಇಂಡಿಯನ್ ಗಾರ್ಡನ್ ಎಂದೇ ಕಾಣುತ್ತದೆ. ಎರಡನೆಯದು ಕೊಲೊರಾಡೊ ನದಿಯ ಬಳಿ, ಫ್ಯಾಂಟಮ್ ರಾಂಚ್ ಎಂಬ ವಸತಿಗೃಹದ ಪಕ್ಕದಲ್ಲಿರುವ ಬ್ರೈಟ್ ಏಂಜೆಲ್ ಕ್ಯಾಂಪ್‌ಗ್ರೌಂಡ್.

ಇಲ್ಲಿ ಎತ್ತರದ ಲೆಕ್ಕವನ್ನು ನಿಧಾನವಾಗಿ ಗಮನಿಸಬೇಕು. ಸೌತ್ ಕೈಬಾಬ್ ಹಾದಿ ಸುಮಾರು 2,210 ಮೀಟರ್ ಎತ್ತರದಲ್ಲಿ ಶುರುವಾಗಿ, ಸುಮಾರು 11 ಕಿ.ಮೀ. ದೂರದಲ್ಲಿ 1,450 ಮೀಟರ್‌ಗಳಷ್ಟು ಕೆಳಗಿಳಿದು ನದಿಯನ್ನು ಮುಟ್ಟುತ್ತದೆ. ಈ ಹಾದಿಯುದ್ದಕ್ಕೂ ಒಂದು ಹನಿ ಕುಡಿಯುವ ನೀರಿಲ್ಲ, ನೆರಳೂ ಇಲ್ಲವೆನ್ನುವಷ್ಟು ಕಡಿಮೆ. ಬ್ರೈಟ್ ಏಂಜೆಲ್ ಹಾದಿಯು ಇದಕ್ಕಿಂತ ಉದ್ದವಾದರೂ ಇಳಿಜಾರು ಸೌಮ್ಯವಾಗಿದ್ದು, ಹವಾಸುಪೈ ಗಾರ್ಡನ್ಸ್‌ನಲ್ಲಿ ನಲ್ಲಿಯೂ ಮರಗಳ ನೆರಳೂ ಸಿಗುತ್ತವೆ. ಆದ್ದರಿಂದ ಸೌತ್ ಕೈಬಾಬ್‌ನಲ್ಲಿ ಇಳಿದು ಬ್ರೈಟ್ ಏಂಜೆಲ್‌ನಲ್ಲಿ ಹತ್ತುವುದು ವಾಡಿಕೆ, ಮತ್ತು ಆ ವಾಡಿಕೆಗೆ ಕಾರಣವಿದೆ. ಮೊದಲ ರಾತ್ರಿ ನದಿಯ ಬಳಿ ಕಳೆದು, ಎರಡನೆಯ ರಾತ್ರಿಯನ್ನು ಹವಾಸುಪೈ ಗಾರ್ಡನ್ಸ್‌ನಲ್ಲಿ ಕಳೆದರೆ, ಒಟ್ಟು 1,330 ಮೀಟರ್‌ಗಳ ಏರು ಎರಡು ದಿನಗಳಿಗೆ ಹಂಚಿಹೋಗಿ ಕೊನೆಯ ಬೆಳಿಗ್ಗೆಗೆ 930 ಮೀಟರ್‌ಗಳಷ್ಟು ಮಾತ್ರ ಉಳಿಯುತ್ತದೆ. ಒಂದೇ ರಾತ್ರಿಯ ಪರ್ಮಿಟ್ ಸಿಕ್ಕರೆ, ಮೊದಲ ಬಾರಿಗೆ ಹೋಗುವವರು ನದಿಯ ಆಸೆಯನ್ನು ಬಿಟ್ಟು ಹವಾಸುಪೈ ಗಾರ್ಡನ್ಸ್‌ನಲ್ಲಿಯೇ ತಂಗುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ಕುಕ್ಕೆಯ ಕಡೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಇಷ್ಟು ಏರು ಹೊಸದೇನಲ್ಲ. ಆದರೆ ಕುಮಾರ ಪರ್ವತದಲ್ಲಿ ಕಷ್ಟ ಮೊದಲು ಬರುತ್ತದೆ. ಆಗದು ಎನಿಸಿದರೆ ಗಿರಿಗದ್ದೆಯಿಂದಲೇ ಹಿಂದಿರುಗಬಹುದು. ಕಣಿವೆಯಲ್ಲಿ ಇದು ತಿರುಗುಮುರುಗು. ಇಳಿಯುವಾಗ ಎಲ್ಲರೂ ಬಲಶಾಲಿಗಳೇ, ದಣಿದ ಕಾಲುಗಳಿಗೆ ಏರು ಎದುರಾಗುವುದು ಕೊನೆಯಲ್ಲಿ. ಇಳಿಯಲು ಹಿಡಿದ ಸಮಯದ ಎರಡು ಪಟ್ಟನ್ನು ಹತ್ತಲು ಇಟ್ಟುಕೊಳ್ಳಬೇಕೆಂದು ಉದ್ಯಾನದವರು ಹೇಳುವುದು ಇದಕ್ಕಾಗಿಯೇ.

ಕಾರಿಡಾರ್‌ನಲ್ಲಿ ನಲ್ಲಿ ಇದೆ ಎಂದು ನಿಶ್ಚಿಂತರಾಗಿ ಹೋಗುವಂತೆಯೂ ಇಲ್ಲ. ಉತ್ತರದ ಅಂಚಿನ ಕೆಳಗಿರುವ ರೋರಿಂಗ್ ಸ್ಪ್ರಿಂಗ್ಸ್ ಎಂಬ ಒರತೆಯಿಂದ ಕಣಿವೆಯನ್ನು ದಾಟಿಸಿ ನೀರು ತರುವ ಕೊಳವೆ 1960ರ ದಶಕದ ಕಾಮಗಾರಿ. ಅದರ ಆಯುಷ್ಯ ಮುಗಿದು ಬಹಳ ಕಾಲವಾಗಿದ್ದು ಪದೇ ಪದೇ ಒಡೆಯುತ್ತದೆ, ಈಗ ಹೊಸ ಕೊಳವೆ ಹಾಕುವ ಕೆಲಸ ನಡೆದಿದೆ. ಮಾರ್ಗಮಧ್ಯದ ವಿಶ್ರಾಂತಿ ಕಟ್ಟೆಗಳ ನಲ್ಲಿಗಳಂತೂ ಚಳಿಗಾಲದಲ್ಲಿ ಬಂದ್ ಆಗಿರುತ್ತವೆ. ಹೊರಡುವ ಹಿಂದಿನ ದಿನ ಉದ್ಯಾನದ ಜಾಲತಾಣದಲ್ಲಿ ಯಾವ ನಲ್ಲಿ ತೆರೆದಿದೆ ಎಂಬುದನ್ನು ನೋಡಿಕೊಂಡು, ತೊರೆಯ ನೀರನ್ನು ಶುದ್ಧೀಕರಿಸುವ ಸಾಧನವನ್ನು ಹೇಗಿದ್ದರೂ ಜೊತೆಗಿಟ್ಟುಕೊಳ್ಳಬೇಕು. 2025ರ ಜುಲೈನಲ್ಲಿ ಡ್ರ್ಯಾಗನ್ ಬ್ರಾವೋ ಕಾಡ್ಗಿಚ್ಚು ಉತ್ತರದ ಅಂಚಿನ ಲಾಡ್ಜ್ ಅನ್ನು ಸುಟ್ಟುಹಾಕಿದ ಮೇಲೆ ಆ ಕಡೆಯ ಹಾದಿಗಳ ಸ್ಥಿತಿಯನ್ನೂ ವಿಚಾರಿಸಿಕೊಳ್ಳದೆ ಈ ಅಂಚಿನಿಂದ ಆ ಅಂಚಿಗೆ ನಡೆಯುವ ಯೋಜನೆ ಹಾಕಬಾರದು.

ಲಾಟರಿಯಲ್ಲಿ ಗೆಲ್ಲುವುದು ಏನನ್ನು

ಈ ಉದ್ಯಾನದ ಪರ್ಮಿಟ್‌ಗಳು ಈಗ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಸಿಗುತ್ತವೆ. ಪ್ರಯಾಣದ ತಿಂಗಳಿಗೆ ನಾಲ್ಕು ತಿಂಗಳು ಮುಂಚೆ ಮುಗಿಯುವ ಲಾಟರಿಯೊಂದು ಇದೆ. ಉದಾಹರಣೆಗೆ, ಮೇ ತಿಂಗಳಲ್ಲಿ ಹೊರಡುವವರು ಡಿಸೆಂಬರ್ 16ರಿಂದ ಜನವರಿ 1ರೊಳಗೆ ಅರ್ಜಿ ಹಾಕಬೇಕು. ಅಕ್ಟೋಬರ್‌ನಲ್ಲಿ ಹೊರಡುವವರು ಮೇ 16ರಿಂದ ಜೂನ್ 1ರೊಳಗೆ. ಬಹಳ ಜನರಿಗೆ ತಿಳಿಯದ ಸಂಗತಿಯೆಂದರೆ, ಈ ಲಾಟರಿಯಲ್ಲಿ ಗೆದ್ದವರಿಗೆ ಪರ್ಮಿಟ್ ಸಿಗುವುದಿಲ್ಲ, ಇತರರಿಗಿಂತ ಮುಂಚೆ ಬುಕಿಂಗ್ ಮಾಡಲು ಒಂದು ನಿಗದಿತ ಸಮಯ ಸಿಗುತ್ತದೆ. ಆ ಸಮಯ ಬಂದಾಗ ತಾಣದೊಳಗೆ ಹೋಗಿ, ಉಳಿದಿರುವ ಜಾಗಗಳಲ್ಲಿ ತಮಗೆ ಬೇಕಾದ ರಾತ್ರಿಗಳನ್ನು ಒಂದೊಂದಾಗಿ ಆರಿಸಿ ಹಣ ಕಟ್ಟಬೇಕು. ತಡವಾದ ಸಮಯ ಸಿಕ್ಕವರಿಗೆ ಬ್ರೈಟ್ ಏಂಜೆಲ್ ಕ್ಯಾಂಪ್‌ಗ್ರೌಂಡ್‌ನ ವಾರಾಂತ್ಯಗಳೆಲ್ಲ ಅಷ್ಟರಲ್ಲಿ ತುಂಬಿಹೋಗಿರುವುದು ಸಾಮಾನ್ಯ. ಹಾಗಾಗಿ ಮೂರು ಬೇರೆ ಬೇರೆ ದಿನಾಂಕಗಳ, ಕನಿಷ್ಠ ಎರಡು ಬೇರೆ ಮಾರ್ಗಗಳ ಯೋಜನೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಕಂಪ್ಯೂಟರ್ ಮುಂದೆ ಕೂರಬೇಕು. ಲಾಟರಿಯವರ ಸರದಿ ಮುಗಿದ ಮೇಲೆ ಮಿಕ್ಕ ಜಾಗಗಳು ಎಲ್ಲರಿಗೂ ತೆರೆಯುತ್ತವೆ.

ಇಲ್ಲಿ ಗಡಿಯಾರದ ವಿಷಯದಲ್ಲಿ ಎಡವುವವರು ಅನೇಕರು. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದಿಲ್ಲ, ಯೂಟಾ ತಿರುಗಿಸುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಸಮಯಗಳನ್ನು ಅರಿಜೋನಾದ ಲೆಕ್ಕದಲ್ಲಿ, ಕ್ಯಾನ್ಯನ್‌ಲ್ಯಾಂಡ್ಸ್‌ನ ಸಮಯಗಳನ್ನು ಯೂಟಾದ ಲೆಕ್ಕದಲ್ಲಿ ಓದಿಕೊಳ್ಳಬೇಕು. ಬೇಸಿಗೆಯ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರವೂ ಅರಿಜೋನಾದ ಗಡಿಯಾರವೂ ಒಂದೇ ಆಗಿರುತ್ತವೆ, ಚಳಿಗಾಲದಲ್ಲಿ ಒಂದು ಗಂಟೆಯ ಅಂತರ ಬರುತ್ತದೆ.

ತಂಡದ ಗಾತ್ರವೂ ಅವಕಾಶವನ್ನು ನಿರ್ಧರಿಸುತ್ತದೆ. ಆರು ಜನರವರೆಗಿನದು ಚಿಕ್ಕ ತಂಡ, ಏಳರಿಂದ ಹನ್ನೊಂದು ಜನರದು ದೊಡ್ಡ ತಂಡ, ಮತ್ತು ದೊಡ್ಡ ತಂಡಗಳಿಗೆ ಮೀಸಲಾದ ಜಾಗಗಳು ಬಹಳ ಕಡಿಮೆ. ನಮ್ಮವರಿಗೆ ನಾಲ್ಕು ಮನೆಯವರು ಸೇರಿ ಹೊರಡುವ ಅಭ್ಯಾಸ. ಹತ್ತು ಜನರ ಪಟ್ಟಿಯನ್ನು ಆರಕ್ಕೆ ಇಳಿಸಲು ಮನಸ್ಸು ಒಪ್ಪದಿದ್ದರೆ ಚಳಿಗಾಲವನ್ನು ಆರಿಸಿಕೊಳ್ಳುವುದು ಉತ್ತಮ. ಕಾರಿಡಾರ್‌ನ ಒಂದೊಂದು ಕ್ಯಾಂಪ್‌ಗ್ರೌಂಡ್‌ನಲ್ಲಿ ಎರಡು ರಾತ್ರಿಗಳ ಮಿತಿ ಇದ್ದರೂ ನವೆಂಬರ್ 15ರಿಂದ ಫೆಬ್ರವರಿ ಕೊನೆಯವರೆಗೆ ನಾಲ್ಕು ರಾತ್ರಿಗಳವರೆಗೆ ಇರಲು ಬಿಡುತ್ತಾರೆ, ಬೇಡಿಕೆಯೂ ಆಗ ತಗ್ಗಿರುತ್ತದೆ. ಅಂಚಿನ ಬಳಿ ಹಾದಿ ಹೆಪ್ಪುಗಟ್ಟಿರುವುದರಿಂದ ಶೂಗಳಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳುಪಟ್ಟಿಗಳು ಬೇಕಾಗುತ್ತವೆ, ಆದರೆ ನದಿಯ ಬಳಿ ಹಗಲು ಹಿತವಾಗಿರುತ್ತದೆ.

ಹರ್ಮಿಟ್ ಹಾದಿ

ಹರ್ಮಿಟ್ ಹಾದಿ ಥ್ರೆಶೋಲ್ಡ್ ವಲಯಕ್ಕೆ ಸೇರಿದ್ದು. ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾಂತಾ ಫೆ ರೈಲ್ವೆಯವರು ತಮ್ಮ ಪ್ರವಾಸಿಗರಿಗಾಗಿ ನಿರ್ಮಿಸಿದರು. ಆಗ ಹಾಸಿದ ಕಲ್ಲುಚಪ್ಪಡಿಗಳು ಕೆಲವು ಕಡೆ ಇಂದಿಗೂ ಕಾಣುತ್ತವೆ. ಆಮೇಲೆ ದುರಸ್ತಿ ಕೈಬಿಟ್ಟದ್ದರಿಂದ ಬಂಡೆ ಜಾರಿದ ಜಾಗಗಳಲ್ಲಿ ಹಾದಿಯನ್ನು ಹುಡುಕಿಕೊಂಡು ದಾಟಬೇಕಾಗುತ್ತದೆ. ಹರ್ಮಿಟ್ ಕ್ರೀಕ್ ಬಳಿಯ ತಂಗುದಾಣಕ್ಕೆ ಸುಮಾರು 13 ಕಿ.ಮೀ. ದೂರ, ಹಿಂದಿರುಗುವಾಗಿನ ಏರು ಸುಮಾರು 1,140 ಮೀಟರ್. ಇಲ್ಲಿ ನಲ್ಲಿ ಇಲ್ಲ. ತೊರೆಯ ನೀರನ್ನು ಸೋಸಿ ಅಥವಾ ಕುದಿಸಿ ಕುಡಿಯಬೇಕು.

ಅಂಕಿಗಳಲ್ಲಿ ಇದು ಕಾರಿಡಾರ್‌ಗಿಂತ ಕಠಿಣವೆಂದು ತೋರದಿದ್ದರೂ ವ್ಯತ್ಯಾಸ ಬೇರೆಡೆ ಇದೆ. ಬ್ರೈಟ್ ಏಂಜೆಲ್ ಹಾದಿಯಲ್ಲಿ ಕಾಲು ಉಳುಕಿದರೆ ಅರ್ಧ ಗಂಟೆಯಲ್ಲಿ ಯಾರಾದರೂ ಬಂದೇ ಬರುತ್ತಾರೆ. ಹರ್ಮಿಟ್‌ನಲ್ಲಿ ಹಾಗೆ ನಂಬಿಕೊಂಡಿರಲಾಗದು. ಇದಕ್ಕೆ ಪ್ರತಿಯಾಗಿ ಸಿಗುವ ಅನುಕೂಲವೆಂದರೆ ಪರ್ಮಿಟ್‌ಗೆ ಅಷ್ಟು ನೂಕುನುಗ್ಗಲು ಇಲ್ಲ, ಮತ್ತು ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ಕಾರುಗಳಿಗೆ ಮುಚ್ಚಿರುವ ಹರ್ಮಿಟ್ ರಸ್ತೆಯಲ್ಲಿ ರಾತ್ರಿ ತಂಗುವ ಪರ್ಮಿಟ್ ಇದ್ದವರು ಗೇಟಿನ ಸಂಕೇತ ಸಂಖ್ಯೆ ಪಡೆದು ಹಾದಿ ಶುರುವಾಗುವ ಜಾಗದವರೆಗೆ ಕಾರಿನಲ್ಲಿಯೇ ಹೋಗಬಹುದು. ಕಾರಿಡಾರ್ ಅನ್ನು ಒಮ್ಮೆ ಮಾಡಿ ಬಂದವರಿಗೆ ಮುಂದಿನ ಹೆಜ್ಜೆ ಇದೇ ಆಗಬೇಕು.

ಪರಿಯಾ: ಏರಿಲ್ಲ, ಆದರೆ ನೆರೆ ಇದೆ

ಪರಿಯಾ ಕ್ಯಾನ್ಯನ್ ಸ್ವಭಾವದಲ್ಲಿಯೇ ಬೇರೆ. ಯೂಟಾದ ವೈಟ್ ಹೌಸ್ ಎಂಬಲ್ಲಿ ಹೊರಟು, ನದಿಯ ಜೊತೆಜೊತೆಗೇ ನಡೆದು, ಅರಿಜೋನಾದ ಲೀಸ್ ಫೆರಿಯಲ್ಲಿ ಹೊರಬರುವ ಸುಮಾರು 61 ಕಿ.ಮೀ.ಗಳ ಒಮ್ಮುಖ ನಡಿಗೆ ಇದು. ಸಾಮಾನ್ಯವಾಗಿ ನಾಲ್ಕೈದು ದಿನ ಹಿಡಿಯುತ್ತದೆ. ನದಿಯನ್ನು ನೂರಾರು ಸಲ ದಾಟಬೇಕಾಗುತ್ತದೆ, ಆದ್ದರಿಂದ ದಿನವಿಡೀ ಒದ್ದೆ ಶೂಗಳಲ್ಲೇ ನಡೆಯಬೇಕು. ನೀರು ಒಳಗೆ ನಿಲ್ಲದ ಹಗುರ ಶೂಗಳು, ಅವುಗಳೊಳಗೆ ದಪ್ಪ ಕಾಲುಚೀಲಗಳು ಅವಶ್ಯ. ಮೊಣಕಾಲಿನ ತೊಂದರೆ ಇರುವವರಿಗೆ ಗ್ರ್ಯಾಂಡ್ ಕ್ಯಾನ್ಯನ್‌ನ ಇಳಿತಕ್ಕಿಂತ ಇದು ಸುಖಕರ. ಇಲ್ಲಿಯ ಪರ್ಮಿಟ್ ನೀಡುವುದು ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆ. ದಿನಕ್ಕೆ ಇಪ್ಪತ್ತೇ ಜನರಿಗೆ ರಾತ್ರಿ ತಂಗಲು ಅನುಮತಿ, ಒಂದು ತಂಡದಲ್ಲಿ ಹತ್ತು ಜನರ ಮಿತಿ. ಪಕ್ಕದಲ್ಲಿಯೇ ಇರುವ ‘ದಿ ವೇವ್’ ಎಂಬ ಬಂಡೆಯಲೆಗೆ ನಡೆಯುವ ಲಾಟರಿಯನ್ನು ಇದರೊಡನೆ ಗೊಂದಲ ಮಾಡಿಕೊಳ್ಳಬಾರದು. ಅದು ಹಗಲಿನ ಭೇಟಿಗೆ ಮಾತ್ರ, ಆ ಪರ್ಮಿಟ್‌ನಲ್ಲಿ ತಂಗುವಂತಿಲ್ಲ.

ನದಿ ಪಕ್ಕದಲ್ಲಿಯೇ ಇದ್ದರೂ ಅದರ ನೀರು ಕೆಸರುಮಯ. ಸೋಸುವ ಫಿಲ್ಟರ್‌ಗೆ ಅದನ್ನು ನೇರವಾಗಿ ಹಾಯಿಸಿದರೆ ಮೂರ್ನಾಲ್ಕು ಲೀಟರ್ ಆಗುವಷ್ಟರಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮಡಚಿಡಬಹುದಾದ ಬಟ್ಟೆಯ ಬಕೆಟ್ಟಿನಲ್ಲಿ ನೀರು ತುಂಬಿ, ಚಿಟಿಕೆ ಪಟಿಕದ ಪುಡಿ ಹಾಕಿ ಕಲಕಿ ಬಿಟ್ಟರೆ, ಕೆಸರು ಹಿಂಜಿದ ಹತ್ತಿಯಂತೆ ಗಂಟುಗಂಟಾಗಿ ಕೂಡಿಕೊಂಡು ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಆಮೇಲೆ ಸೋಸಬೇಕು. ಊರಿನ ಬಾವಿ, ಕೆರೆಗಳ ನೀರಿಗೆ ಹಿರಿಯರು ಮಾಡುತ್ತಿದ್ದ ಈ ಉಪಾಯವನ್ನು ಕೊಲೊರಾಡೊ ನದಿಯಲ್ಲಿ ದೋಣಿ ನಡೆಸುವವರೂ ಬಳಸುತ್ತಾರೆ. ಪಟಿಕ ರೋಗಾಣುಗಳನ್ನು ಕೊಲ್ಲುವುದಿಲ್ಲವಾದ್ದರಿಂದ ಸೋಸುವ ಕೆಲಸವನ್ನು ಬಿಡುವಂತಿಲ್ಲ. ಕಣಿವೆಯ ಗೋಡೆಯಿಂದ ಒಸರುವ ಒರತೆಗಳು ಸಿಕ್ಕಲ್ಲಿ ಅವುಗಳಿಂದಲೇ ನೀರು ತುಂಬಿಕೊಳ್ಳುವುದು ಎಲ್ಲಕ್ಕಿಂತ ಲೇಸು. ಅವು ಎಲ್ಲಿವೆಯೆಂಬುದನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಕೊಂಡಿರಬೇಕು.

ಪರಿಯಾದ ನಿಜವಾದ ಅಪಾಯ ದಿಢೀರ್ ನೆರೆ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಈ ಪ್ರದೇಶದಲ್ಲಿ ಮಧ್ಯಾಹ್ನದ ಗುಡುಗುಮಳೆಯ ಕಾಲ. ಮಳೆ ಹತ್ತಾರು ಕಿಲೋಮೀಟರ್ ದೂರದಲ್ಲಿ ಬಿದ್ದರೂ ಬಂಡೆಯ ನೆಲ ನೀರನ್ನು ಹೀರದ ಕಾರಣ ಅಷ್ಟೂ ನೀರು ಕಿರಿದಾದ ಕಮರಿಯೊಳಗೆ ಒಮ್ಮೆಲೇ ನುಗ್ಗುತ್ತದೆ. ತಲೆಯ ಮೇಲೆ ನೀಲಿ ಆಕಾಶ ಇದ್ದರೂ ನೆರೆ ಬರಬಹುದು. 1997ರ ಆಗಸ್ಟ್ 12ರಂದು ಪೇಜ್ ಊರಿನ ಸಮೀಪದ ಆಂಟಿಲೋಪ್ ಕಮರಿಯಲ್ಲಿ ಹನ್ನೊಂದು ಜನ ಪ್ರವಾಸಿಗರು ಸತ್ತದ್ದು ಇಂಥ ದೂರದ ಮಳೆಯಿಂದಲೇ. ಪರಿಯಾಗೆ ಸೇರುವ ಬಕ್‌ಸ್ಕಿನ್ ಗಲ್ಚ್ ಎಂಬ ಕಮರಿಯಂತೂ ಕಿಲೋಮೀಟರ್‌ಗಟ್ಟಲೆ ಎರಡು ಕೈ ಚಾಚುವಷ್ಟೇ ಅಗಲವಾಗಿದ್ದು, ಮೇಲೆ ಹತ್ತಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಮಳೆಗಾಲದಲ್ಲಿ ಪರ್ಮಿಟ್ ಖಾಲಿ ಇರುವುದು ಕಂಡರೆ ಅದು ಅದೃಷ್ಟವೆಂದು ತಿಳಿಯದೆ, ಖಾಲಿ ಇರುವ ಕಾರಣವನ್ನು ತಿಳಿದುಕೊಳ್ಳಬೇಕು. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳುಗಳು ಇಲ್ಲಿಗೆ ಪ್ರಶಸ್ತ, ಆಗಲೂ ಮುನ್ಸೂಚನೆ ಕೆಟ್ಟದಾಗಿದ್ದರೆ ಹಣ ಹೋದರೂ ಹೋಗಲಿ ಎಂದು ಬಿಟ್ಟುಬಿಡಬೇಕು.

ನೀಡಲ್ಸ್: ನೀರನ್ನು ಹೊತ್ತೇ ಹೋಗಬೇಕು

ಕ್ಯಾನ್ಯನ್‌ಲ್ಯಾಂಡ್ಸ್‌ನ ನೀಡಲ್ಸ್ ಪ್ರದೇಶದಲ್ಲಿ ದೊಡ್ಡ ಏರಿಳಿತವಿಲ್ಲ. ಎಲಿಫೆಂಟ್ ಹಿಲ್‌ನಿಂದ ಬಂಡೆಗಳ ನಡುವೆ ಸುಮಾರು ಐದು ಕಿಲೋಮೀಟರ್ ನಡೆದರೆ ಚೆಸ್ಲರ್ ಪಾರ್ಕ್‌ನ ಅಂಚು ತಲುಪಬಹುದು. ಸುತ್ತ ಕೆಂಪು ಬಿಳಿ ಪಟ್ಟೆಗಳ ಬಂಡೆಕಂಬಗಳು, ನಡುವೆ ಹುಲ್ಲುಗಾವಲು. ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾಲ್ಕರಲ್ಲಿ ಇದನ್ನೇ ನಾನು ಹೇಳುತ್ತೇನೆ. ತೊಡಕು ಒಂದೇ, ಅಲ್ಲಿ ನೀರಿಲ್ಲ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಹಿಡಿದರೆ ಎರಡು ರಾತ್ರಿಗಳ ಪ್ರವಾಸಕ್ಕೆ ಹತ್ತು ಹನ್ನೆರಡು ಲೀಟರ್ ಆಗುತ್ತದೆ, ಅಂದರೆ ನೀರಿನದೇ ಹತ್ತು ಹನ್ನೆರಡು ಕಿಲೋ. ಮಕ್ಕಳ ಪಾಲಿನ ನೀರನ್ನೂ ದೊಡ್ಡವರೇ ಹೊರಬೇಕಾಗುವುದರಿಂದ ಕುಟುಂಬಗಳು ಒಂದೇ ರಾತ್ರಿಗೆ ಯೋಜನೆ ಹಾಕುವುದು ಸರಿ.

ಪರ್ಮಿಟ್‌ನ ಕ್ರಮ ಇಲ್ಲಿ ನಾಲ್ಕರಲ್ಲಿ ಅತ್ಯಂತ ಸರಳ. ಲಾಟರಿಯಿಲ್ಲದೆ ಋತುವಿಗೊಮ್ಮೆ ಬುಕಿಂಗ್ ತೆರೆಯುತ್ತದೆ: ಮಾರ್ಚ್ 10ರಿಂದ ಜೂನ್ 9ರವರೆಗಿನ ದಿನಗಳು ಹಿಂದಿನ ನವೆಂಬರ್ 10ರಂದು, ಸೆಪ್ಟೆಂಬರ್ 10ರಿಂದ ಡಿಸೆಂಬರ್ 9ರವರೆಗಿನವು ಮೇ 10ರಂದು. ಚೆಸ್ಲರ್ ಪಾರ್ಕ್‌ನ ಜಾಗಗಳು ಆ ದಿನ ಬೆಳಿಗ್ಗೆಯೇ ಹೋಗಿಬಿಡುತ್ತವೆ. ಹಾದಿ ಬಿಟ್ಟು ಕಾಲಿಡುವ ಮುನ್ನ ನೆಲವನ್ನು ನೋಡಬೇಕು. ಕಪ್ಪಗೆ, ಉಬ್ಬುಬ್ಬಾಗಿ ಕಾಣುವ ಮಣ್ಣಿನ ಪದರ ಸೂಕ್ಷ್ಮಜೀವಿಗಳೂ ಕಲ್ಲುಹೂವೂ ಸೇರಿ ಕಟ್ಟಿಕೊಂಡಿರುವಂಥದು, ಒಂದು ಹೆಜ್ಜೆಗೆ ಪುಡಿಯಾದರೆ ಮತ್ತೆ ಬೆಳೆಯಲು ವರ್ಷಗಳೇ ಬೇಕು.

ನಾಲ್ಕಕ್ಕೂ ಸಮಾನವಾದ ಸಿದ್ಧತೆ

ಜೂನ್‌ನಿಂದ ಆಗಸ್ಟ್‌ವರೆಗೆ ಈ ನಾಲ್ಕರಲ್ಲಿ ಯಾವುದಕ್ಕೂ ಹೋಗದಿರುವುದು ಲೇಸು. ಫ್ಯಾಂಟಮ್ ರಾಂಚ್‌ನಲ್ಲಿ ಜುಲೈ ತಿಂಗಳ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶವೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಬಂಡೆಗಳು ಹಗಲಿನ ಕಾವನ್ನು ರಾತ್ರಿಯೂ ಉಗುಳುತ್ತಿರುತ್ತವೆ. ಬೇರೆ ತಿಂಗಳುಗಳಲ್ಲಿಯೂ ಬಿಸಿಲಿದ್ದರೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೆರಳಿನಲ್ಲಿ ಕುಳಿತು, ನಸುಕಿನಲ್ಲಿ ಮತ್ತು ಇಳಿಹೊತ್ತಿನಲ್ಲಿ ನಡೆಯಬೇಕು.

ನೀರು ಕುಡಿಯುವುದರ ಜೊತೆಗೆ ಉಪ್ಪು ತಿನ್ನುವುದೂ ಅಷ್ಟೇ ಮುಖ್ಯ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ಕುಡಿಯುತ್ತಿದ್ದರೆ ರಕ್ತದಲ್ಲಿ ಸೋಡಿಯಂ ಕುಸಿದು ತಲೆಸುತ್ತು, ವಾಂತಿ, ಗೊಂದಲ ಕಾಣಿಸಿಕೊಳ್ಳುತ್ತವೆ, ಮಿತಿಮೀರಿದರೆ ಪ್ರಾಣಕ್ಕೇ ಕುತ್ತು. ಈ ವಿಷಯದಲ್ಲಿ ನಮ್ಮ ಅಡುಗೆಮನೆ ಯಾವ ಟ್ರೆಕ್ಕಿಂಗ್ ಅಂಗಡಿಗೂ ಕಡಿಮೆಯಿಲ್ಲ. ಕೋಡುಬಳೆ, ಖಾರದ ಕಡಲೆಬೀಜ, ನಿಪ್ಪಟ್ಟು ಇವೆಲ್ಲ ಉಪ್ಪನ್ನೂ ಶಕ್ತಿಯನ್ನೂ ಒಟ್ಟಿಗೇ ಕೊಡುತ್ತವೆ. ಊಟಕ್ಕೆ ನನ್ನ ಮೊದಲ ಆಯ್ಕೆ ಗೊಜ್ಜವಲಕ್ಕಿ: ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಪುಡಿಮಾಡಿ, ಹುಣಸೆಪುಡಿ, ಬೆಲ್ಲ, ಉಪ್ಪು, ಸಾರಿನ ಪುಡಿ ಬೆರೆಸಿ, ಒಗ್ಗರಣೆ ಹಾಕಿ ಆರಿಸಿ ಚೀಲಗಳಲ್ಲಿ ಕಟ್ಟಿಕೊಂಡರೆ, ಅಲ್ಲಿ ತಣ್ಣೀರು ಸುರಿದು ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಒಲೆಯ ಹಂಗೇ ಇಲ್ಲ. ನೀಡಲ್ಸ್‌ನಲ್ಲಿ ಮಾತ್ರ ಆ ತಣ್ಣೀರನ್ನೂ ದಿನದ ಲೆಕ್ಕದಲ್ಲಿ ಸೇರಿಸಬೇಕು. ಒಲೆ ಒಯ್ಯುವವರು ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣವನ್ನು ಜೊತೆಗಿಟ್ಟುಕೊಳ್ಳಬಹುದು. ಒಲೆಯ ಗ್ಯಾಸ್ ಡಬ್ಬಿಗಳನ್ನು ವಿಮಾನದಲ್ಲಿ ಬಿಡುವುದಿಲ್ಲವಾದ್ದರಿಂದ ಫ್ಲಾಗ್‌ಸ್ಟಾಫ್, ಪೇಜ್ ಅಥವಾ ಮೋಆಬ್‌ನಲ್ಲಿ ಇಳಿದ ಮೇಲೆ ಕೊಳ್ಳಬೇಕು. ಸೌದೆ ಬೆಂಕಿಗೆ ಈ ಕಣಿವೆಗಳಲ್ಲಿ ಅನುಮತಿಯಿಲ್ಲ.

ಮಲವಿಸರ್ಜನೆಯ ನಿಯಮ ಜಾಗದಿಂದ ಜಾಗಕ್ಕೆ ಬೇರೆ. ಕಾರಿಡಾರ್‌ನಲ್ಲಿ ಶೌಚಾಲಯಗಳಿರುವುದರಿಂದ ಚಿಂತೆಯಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಶೌಚಾಲಯವಿಲ್ಲದ ಕಡೆ ನೀರಿನಿಂದ 60 ಮೀಟರ್ ದೂರದಲ್ಲಿ ಗುಂಡಿ ತೋಡಿ ಹೂತು, ಬಳಸಿದ ಕಾಗದವನ್ನು ಹೊರತರಬೇಕು. ಪರಿಯಾದಲ್ಲಿ ಹೂಳುವಂತಿಲ್ಲ, ಇದಕ್ಕೆಂದೇ ಸಿಗುವ ಚೀಲಗಳಲ್ಲಿ ಎಲ್ಲವನ್ನೂ ಕೊನೆಯ ದಿನದವರೆಗೆ ಹೊತ್ತು ತರಬೇಕು. ಇದಕ್ಕೆ ಮನಸ್ಸು ಒಗ್ಗದವರಿಗೆ ಪರಿಯಾ ಸರಿಯಾದ ಆಯ್ಕೆಯಲ್ಲ.

ಊರಿನಿಂದ ಬಂದ ತಮ್ಮ, ತಂಗಿಯರನ್ನು ಕರೆದೊಯ್ಯುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. 2026ರ ಜನವರಿ 1ರಿಂದ ಗ್ರ್ಯಾಂಡ್ ಕ್ಯಾನ್ಯನ್ ಸೇರಿದಂತೆ ಹನ್ನೊಂದು ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, ಹದಿನಾರು ವರ್ಷ ತುಂಬಿದವರಿಗೆ ಪ್ರವೇಶ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚುವರಿ ಇದೆ. ಕ್ಯಾನ್ಯನ್‌ಲ್ಯಾಂಡ್ಸ್ ಆ ಪಟ್ಟಿಯಲ್ಲಿಲ್ಲ, ಪರಿಯಾ ರಾಷ್ಟ್ರೀಯ ಉದ್ಯಾನವೇ ಅಲ್ಲ.

ಯಾವ ಬುಕಿಂಗ್ ಕೂಡ ಸಿಗದೆ, ರಜೆ ಮಾತ್ರ ಮಂಜೂರಾಗಿರುವವರಿಗೂ ಒಂದು ದಾರಿ ಉಳಿದಿದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿರುವ, ರಾತ್ರಿ ತಂಗುವ ಪರ್ಮಿಟ್ ಕೊಡುವ ಬ್ಯಾಕ್‌ಕಂಟ್ರಿ ಕಚೇರಿಯಲ್ಲಿ ಕಾರಿಡಾರ್ ಕ್ಯಾಂಪ್‌ಗ್ರೌಂಡ್‌ಗಳ ಕೆಲವು ಜಾಗಗಳನ್ನು ಖುದ್ದಾಗಿ ಬಂದವರಿಗೆಂದು ಇಟ್ಟಿರುತ್ತಾರೆ. ಇವು ಒಂದು ಅಥವಾ ಎರಡು ರಾತ್ರಿಗಳಿಗೆ ಮಾತ್ರ, ಹೊರಡುವುದಕ್ಕೆ ಒಂದು ದಿನಕ್ಕಿಂತ ಮುಂಚೆ ಕೊಡುವುದಿಲ್ಲ. ಅಂಚಿನ ಮೇಲೆ ಎರಡು ಮೂರು ದಿನ ಇರಲು ಬೇರೆ ವ್ಯವಸ್ಥೆ ಮಾಡಿಕೊಂಡು, ಕಚೇರಿ ತೆರೆಯುವ ಹೊತ್ತಿಗೆ ಮುಂಚೆಯೇ ಹೋಗಿ ನಿಲ್ಲುವವರಿಗೆ, ಅದರಲ್ಲೂ ಇಬ್ಬರೇ ಇದ್ದು ವಾರದ ನಡುವೆ ಹೋಗುವವರಿಗೆ, ಇದು ನಂಬಬಹುದಾದ ಮಾರ್ಗ. ಆರು ಜನರ ತಂಡ ಕಟ್ಟಿಕೊಂಡು, ವಿಮಾನದ ಟಿಕೆಟ್ ಕೊಂಡು, ಈ ಸಾಲನ್ನೇ ನೆಚ್ಚಿಕೊಂಡು ಬರುವಂತಿಲ್ಲ.